ಯಾರಿಗೂ ಅಲ್ಲದ ಹಾಡು

ಸಂಜೆ ಕೆಲಸ ಮುಗಿಸಿ ಮನೆಗೆ ಬಂದ ಮೇಲೆ ನನಗೆ ಯಾವ ಹಾಡೂ ಬೇಡವಾಗುತ್ತದೆ. ಪಕ್ಕದ ಮನೆಯ ಟಿ.ವಿ.ಯಲ್ಲಿ ಹಾಡಿನ ಸ್ಪರ್ಧೆ ಶುರುವಾದರೆ ಎದ್ದು ಕಿಟಕಿ ಹಾಕಿಕೊಳ್ಳುತ್ತೇನೆ. ಆಟೋ ಹತ್ತಿದ ಕೂಡಲೇ ಕೇಳುವ ಮೊದಲ ಮಾತು, ‘ಅಣ್ಣಾ, ಆ ಹಾಡು ಸ್ವಲ್ಪ ಬಂದ್ ಮಾಡುತ್ತೀರಾ?’ ಬೇರೆ ಯಾರಾದರೂ ಹೀಗೆ ಮಾಡಿದರೆ ತಲೆನೋವಿರಬೇಕು ಎಂದುಕೊಳ್ಳಬಹುದು. ಆದರೆ ನಾನು ಹಾಡಿ ಅನ್ನ ತಿನ್ನುವವಳು. ಬಳ್ಳಾರಿಯಲ್ಲಿ ಸಂಗೀತ ಚಿಕಿತ್ಸಕಿ. ಬೆಳಿಗ್ಗೆ ವಿಶೇಷ ಅಗತ್ಯವುಳ್ಳ ಮಕ್ಕಳ ಶಾಲೆಯಲ್ಲಿ, ಮಧ್ಯಾಹ್ನದ ಮೇಲೆ ಲಕ್ವ ಹೊಡೆದು ಮಾತು ಕಳೆದುಕೊಂಡವರ ಮನೆಗಳಲ್ಲಿ, ವಾರಕ್ಕೊಮ್ಮೆ ಮರೆವಿನ ಕಾಯಿಲೆಯ ಹಿರಿಯರ ನಡುವೆ ನನ್ನ ದಿನ ಕಳೆಯುತ್ತದೆ. ‘ನಿನಗೇನವ್ವ, ದಿನವೆಲ್ಲ ಹಾಡಿಕೊಂಡು ಇರುತ್ತೀಯ, ನಿನಗೆ ಚಿಂತೆ ಎಲ್ಲಿಂದ ಬರಬೇಕು’ ಎಂದು ನೆಂಟರು ಅನ್ನುತ್ತಾರೆ. ಪ್ರೀತಿಯಿಂದಲೇ ಅನ್ನುತ್ತಾರೆ. ಆ ಮಾತು ಮಾತ್ರ ಮನೆಗೆ ಹೋದ ಮೇಲೂ ಬಿಡದೆ ಕೊರೆಯುತ್ತಿರುತ್ತದೆ.

ಕೊರೆಯುವುದಕ್ಕೆ ಕಾರಣವಿದೆ. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಇದೇ ಕೆಲಸ ಮಾಡುವ ಗೆಳತಿಯರ ಜೊತೆ ಫೋನಿನಲ್ಲಿ ಮಾತಾಡಿದರೆ ಅವರೂ ಇದನ್ನೇ ಹೇಳುತ್ತಾರೆ. ಒಬ್ಬಳು ಮನೆಯ ತಾನಪುರಕ್ಕೆ ಬಟ್ಟೆ ಹೊದಿಸಿಟ್ಟಿದ್ದಾಳೆ. ಇನ್ನೊಬ್ಬಳು ತನ್ನ ಸ್ವಂತ ಮಗುವಿಗೆ ಜೋಗುಳ ಹಾಡಲು ಮನಸ್ಸು ಬಾರದೆ ಮೊಬೈಲಿನಲ್ಲಿ ಹಾಕಿ ಮಲಗಿಸುತ್ತಾಳೆ, ಆ ಸಂಕಟವನ್ನು ಹೇಳಿಕೊಳ್ಳುವಾಗ ಅವಳ ದನಿ ಕಟ್ಟಿತ್ತು. ಹಾಡನ್ನು ಇಷ್ಟಪಟ್ಟೇ ಈ ದಾರಿಗೆ ಬಂದವರು ನಾವೆಲ್ಲ. ದುಡಿದು ದಣಿದ ಮೈಗೆ ನಿದ್ದೆ ಕೊಟ್ಟರೆ ಸಾಕಾಗುತ್ತದೆ. ಹಾಡಿ ದಣಿದವರಿಗೆ ಬರೀ ಮೌನ ಕೊಟ್ಟರೆ ಸಾಲುತ್ತದೆಯೇ ಎಂಬುದು ನನ್ನ ಪ್ರಶ್ನೆ. ನನ್ನ ಮಟ್ಟಿಗೆ ಸಾಲಲಿಲ್ಲ. ಹಾಡಿನಿಂದ ಬಂದ ದಣಿವು ಇಳಿದದ್ದು ಹಾಡಿನಿಂದಲೇ, ಆದರೆ ಅದು ಬೇರೆಯೇ ಬಗೆಯ ಹಾಡು. ಆ ಬೇರೆ ಎಂಥದ್ದು ಎಂದು ಬರೆದು ನೋಡೋಣ ಎನಿಸಿ ಕುಳಿತಿದ್ದೇನೆ.

ಕೆಲಸದ ದನಿ

ಕಪ್ಪಗಲ್ಲು ರಸ್ತೆಯ ಕಡೆಯ ಒಂದು ಮನೆ. (ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.) ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದ ಹಿರಿಯರು. ಮಿದುಳಿನ ಎಡಭಾಗಕ್ಕೆ ರಕ್ತ ನಿಂತು ಬಲಗೈ ಹೋಗಿತ್ತು, ಮಾತು ಹೋಗಿತ್ತು. ಉಳಿದದ್ದು ಒಂದೇ ಪದ: ‘ಅದು’. ನೀರು ಬೇಕೆಂದರೂ ಅದು, ಫ್ಯಾನ್ ಹಾಕು ಎಂದರೂ ಅದು, ಹೆಂಡತಿಯ ಮೇಲೆ ಸಿಟ್ಟು ಬಂದರೂ ‘ಅದು ಅದು ಅದು’. ಅವರು ಹರೆಯದಲ್ಲಿ ಅಮಾವಾಸ್ಯೆಯ ಭಜನೆಗೆ ತಪ್ಪದೆ ಹೋಗಿ ದಮ್ಮಡಿ ಬಾರಿಸುತ್ತಿದ್ದರಂತೆ. ಹೆಂಡತಿ ಹೇಳಿದ ಒಂದು ತತ್ವಪದದ ಮೊದಲ ಸಾಲನ್ನು ನಾನು ಎತ್ತಿಕೊಂಡಾಗ, ಎರಡನೆಯ ಸಾಲನ್ನು ಅವರು ಅಕ್ಷರ ತಪ್ಪದೆ ಹಾಡಿದರು. ಹಾಡಿ ಮುಗಿದ ಮೇಲೆ ತಾವೇ ಗಾಬರಿಯಾಗಿ ನನ್ನ ಮುಖ ನೋಡಿದರು. ಮಾತಿನ ದಾರಿ ಮುಚ್ಚಿದಾಗಲೂ ಹಾಡಿನ ದಾರಿ ಎಷ್ಟೋ ಜನರಲ್ಲಿ ತೆರೆದೇ ಇರುತ್ತದೆ. ಇದನ್ನು ಹಿಡಿದುಕೊಂಡೇ ಮಾರ್ಟಿನ್ ಆಲ್ಬರ್ಟ್, ರಾಬರ್ಟ್ ಸ್ಪಾರ್ಕ್ಸ್, ನ್ಯಾನ್ಸಿ ಹೆಲ್ಮ್ ಎಂಬ ಮೂವರು ಅಮೆರಿಕದ ಬಾಸ್ಟನ್‌ನಲ್ಲಿ ಒಂದು ಚಿಕಿತ್ಸಾ ಕ್ರಮ ರೂಪಿಸಿ 1973ರಲ್ಲಿ ಪ್ರಕಟಿಸಿದರು. ದಿನಬಳಕೆಯ ಮಾತನ್ನು ಮೇಲೊಂದು ಕೆಳಗೊಂದು ಎಂದು ಎರಡೇ ಸ್ವರಗಳಲ್ಲಿ ಹಾಡಿಸುವುದು, ಒಂದೊಂದು ಅಕ್ಷರಕ್ಕೆ ಎಡಗೈಯನ್ನು ಮೇಜಿಗೆ ತಟ್ಟಿಸುವುದು, ಮೊದಲು ಗುನುಗು, ಆಮೇಲೆ ಇಬ್ಬರೂ ಕೂಡಿ, ಆಮೇಲೆ ಚಿಕಿತ್ಸಕರು ನಡುವೆ ದನಿ ಬಿಟ್ಟುಕೊಡುವುದು.

ನಾವು ಹಿಡಿದುಕೊಂಡದ್ದು ‘ನೀರು ಕೊಡು’ ಎಂಬ ಮಾತು. ‘ನೀ’ ಮೇಲೆ, ‘ರು’ ಕೆಳಗೆ, ‘ಕೊ’ ಮೇಲೆ, ‘ಡು’ ಕೆಳಗೆ. ಹಾರ್ಮೋನಿಯಂನ ಕರಿ ಮನೆಗಳ ಲೆಕ್ಕದಲ್ಲಿ ನನ್ನ ಕೊರಳು ಕರಿ ನಾಲ್ಕರದ್ದು. ಅವರ ದನಿ ಕರಿ ಒಂದಕ್ಕಿಂತ ಮೇಲೆ ಏರುತ್ತಿರಲಿಲ್ಲ. ಹಾಗಾಗಿ ನಾನೇ ಇಳಿಯಬೇಕು, ಮಂದ್ರದಲ್ಲಿ ಉಸಿರು ಹಿಡಿದು ಅವರ ತುಟಿಯನ್ನೇ ನೋಡುತ್ತ ಹಾಡಬೇಕು. ತುಟಿ ‘ಕೊ’ಗೆ ದುಂಡಗಾಗುವ ಮೊದಲೇ ನನ್ನ ದನಿ ಸಣ್ಣದಾಗಬೇಕು, ಪೂರ್ತಿ ನಿಲ್ಲಬಾರದು. ನಿಂತರೆ ಅವರು ಎಡವುತ್ತಾರೆ, ನಿಲ್ಲದಿದ್ದರೆ ನನ್ನ ಮೇಲೇ ಒರಗಿಬಿಡುತ್ತಾರೆ. ಸೈಕಲ್ ಕಲಿಯುವ ಮಗುವಿನ ಸೀಟು ಹಿಡಿದು ಹಿಂದೆ ಓಡುವವರು ಬಿಟ್ಟೂ ಬಿಡದಂತೆ ಹಿಡಿದಿರುತ್ತಾರಲ್ಲ, ನನ್ನ ಕೆಲಸದ ದನಿ ಇಡೀ ದಿನ ಹಾಗೆ ಓಡುತ್ತಿರುತ್ತದೆ. ಒಂದು ಮಧ್ಯಾಹ್ನ ನಾನು ದನಿ ಬಿಟ್ಟುಕೊಟ್ಟ ಜಾಗವನ್ನು ಅವರು ಹಿಡಿದುಕೊಂಡರು. ‘ನೀರು ಕೊಡು’ ಎಂದರು, ಹಾಡಾಗಿಯೇ, ಆದರೆ ಒಬ್ಬರೇ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಲೇ ನೀರು ತರಲು ಓಡಿದರು. ನನಗೂ ಅಳು ಬಂದಿತ್ತು. ಆದರೆ ಎಡಗೈ ತಟ್ಟುವ ಲಯ ನನ್ನ ಕೈಯಲ್ಲಿತ್ತು, ಅದನ್ನು ಬಿಡುವಂತಿರಲಿಲ್ಲ. ಮತ್ತೊಮ್ಮೆ, ಇನ್ನೊಮ್ಮೆ ಹಾಡಿಸಿ, ನಗುಮುಖದಿಂದ ಶಾಭಾಷ್ ಎಂದು, ಚಪ್ಪಲಿ ಮೆಟ್ಟಿ ಮುಂದಿನ ಮನೆಗೆ ನಡೆದೆ. ಅಲ್ಲಿ ಇನ್ನೊಬ್ಬರ ಶ್ರುತಿ, ಇನ್ನೊಬ್ಬರ ಉಸಿರು ಕಾದಿತ್ತು.

ಮಕ್ಕಳ ಶಾಲೆಯಲ್ಲಿ ಇದು ಇನ್ನೂ ತೀವ್ರ. ಕೈ ಕಚ್ಚಿಕೊಂಡು ಕಿರುಚುವ ಹುಡುಗನ ಮುಂದೆ ಕುಳಿತು ‘ಸುಮ್ಮನಿರು’ ಎನ್ನುವುದರಿಂದ ಏನೂ ಆಗುವುದಿಲ್ಲ. ಆ ಕಿರುಚು ಯಾವ ಸ್ವರದಲ್ಲಿದೆ ಎಂದು ಕಿವಿಗೊಟ್ಟು, ಅದೇ ಸ್ವರದಲ್ಲಿ ನಾನೂ ದನಿ ಎತ್ತಿ, ಅವನು ಒಂದು ಕ್ಷಣ ನನ್ನತ್ತ ತಿರುಗಿದಾಗ ಆ ಸ್ವರವನ್ನು ಮೆಲ್ಲಗೆ ಕೆಳಗಿಳಿಸಬೇಕು. ಪಾಲ್ ನಾರ್ಡಾಫ್ ಎಂಬ ಅಮೆರಿಕದ ಸಂಗೀತ ಸಂಯೋಜಕ, ಕ್ಲೈವ್ ರಾಬಿನ್ಸ್ ಎಂಬ ಇಂಗ್ಲೆಂಡಿನ ವಿಶೇಷ ಶಿಕ್ಷಕ, ಇವರಿಬ್ಬರು 1959ರಲ್ಲಿ ಇಂಗ್ಲೆಂಡಿನ ಸನ್‌ಫೀಲ್ಡ್ ಎಂಬ ಮಕ್ಕಳ ನೆಲೆಯಲ್ಲಿ ಜೊತೆಯಾಗಿ ಶುರು ಮಾಡಿದ ಕ್ರಮದ ತಿರುಳು ಇದೇ: ಮಗು ಅತ್ತರೆ ಆ ಅಳುವನ್ನೇ ಸಂಗೀತವೆಂದು ಹಿಡಿದುಕೊಂಡು ಅಲ್ಲಿಂದಲೇ ಆಶುವಾಗಿ ಬೆಳೆಸುವುದು. ಓದುವಾಗ ಇದು ಬಹಳ ಸುಂದರವಾಗಿ ಕಾಣುತ್ತದೆ, ಮಾಡುವಾಗಲೂ ಸುಂದರವೇ. ಆದರೆ ಆ ಅಳು ಹೊಕ್ಕು ಬರುವುದು ನನ್ನ ಗಂಟಲನ್ನು. ದಿನದಲ್ಲಿ ಹಲವು ಮಕ್ಕಳ ಅಳುವಿಗೆ ದನಿಗೂಡಿಸಿದ ಕೊರಳಿಗೆ ಸಂಜೆಯ ಹೊತ್ತಿಗೆ ತನ್ನ ಶ್ರುತಿ ಯಾವುದೆಂಬುದೇ ಮರೆತಿರುತ್ತದೆ. ಗಂಟಲು ಕೆಟ್ಟಿರುವುದಿಲ್ಲ, ವೈದ್ಯರು ನೋಡಿದರೆ ಎಲ್ಲ ಸರಿಯಾಗಿದೆ ಎನ್ನುತ್ತಾರೆ. ಆದರೂ ಅದು ನನ್ನದು ಎನಿಸುವುದಿಲ್ಲ.

ಬೀಸುಕಲ್ಲಿನ ಮುಂದೆ ಅಜ್ಜಿ

ನನ್ನ ಅಜ್ಜಿಯ ಊರು ಮಸ್ಕಿಯ ಕಡೆ. ಊರಿಗೆ ಗಿರಣಿ ಬಂದು ಎಷ್ಟೋ ಕಾಲವಾಗಿದ್ದರೂ ನುಚ್ಚಿಗೆ ಜೋಳ ಒಡೆಯುವುದು ಮನೆಯ ಬೀಸುಕಲ್ಲಿನಲ್ಲೇ ಆಗಬೇಕು ಎಂಬುದು ಅವಳ ಹಟ. ಕೋಳಿ ಕೂಗುವ ಮೊದಲು ಎದ್ದು, ಒಂದು ಕಾಲು ಚಾಚಿ ಒಂದು ಕಾಲು ಮಡಚಿ ಕುಳಿತು, ಬಲಗೈಯಲ್ಲಿ ಗೂಟ ಹಿಡಿದು ಎಡಗೈಯಿಂದ ಹಿಡಿ ಜೋಳವನ್ನು ಕಲ್ಲಿನ ಬಾಯಿಗೆ ಬಿಡುತ್ತ ಹಾಡುತ್ತಿದ್ದಳು. ಮೂರು ಸಾಲಿನ ಪದ, ಕಲ್ಲು ಸುತ್ತುವ ಲಯಕ್ಕೆ ಕಟ್ಟಿದ ರಾಗ. ನಾವು ಮೊಮ್ಮಕ್ಕಳು ಪಡಸಾಲೆಯಲ್ಲಿ ಕೌದಿ ಹೊದ್ದು ಮಲಗಿರುತ್ತಿದ್ದೆವು. ಅರೆನಿದ್ದೆಯಲ್ಲಿ ಕೇಳಿದ ಆ ಪದಗಳಲ್ಲಿ ಶಿವನೂ ಬಸವಣ್ಣನೂ ಇದ್ದರು. ಅವರ ನಡುವೆ ನಮ್ಮ ಮನೆಯವರೂ ಇದ್ದರು. ಪಂಚಮಿಗೆ ಕರೆಯಲು ಬಾರದ ತವರಿನ ಅಣ್ಣ, ಮಳೆ ಕೈಕೊಟ್ಟ ವರ್ಷ ಮಾರಿದ ಎತ್ತು, ಹೆರಿಗೆಯಲ್ಲಿ ತೀರಿಕೊಂಡ ಮಗಳು, ಎಲ್ಲರೂ ಅದೇ ಮೂರು ಸಾಲಿನೊಳಗೆ ಬಂದು ಹೋಗುತ್ತಿದ್ದರು. ಅವೆಲ್ಲ ಕಲಿತ ಪದಗಳಲ್ಲ. ಕಲಿತ ರಾಗಕ್ಕೆ ಆ ಬೆಳಗಿನ ಜಾವ ಅವಳು ಹಾಕಿದ ಮಾತುಗಳು.

ನನಗೆ ಚೆನ್ನಾಗಿ ನೆನಪಿರುವುದು ಒಂದು ಬೆಳಗು. ನಾನು ಎದ್ದು ಹೋಗಿ ಅವಳ ಪಕ್ಕ ಕುಳಿತೆ. ಅವಳ ದನಿ ಅಲ್ಲೇ ಬದಲಾಯಿತು. ಊರಲ್ಲಿ ಎಲ್ಲರಿಗೂ ಗೊತ್ತಿದ್ದ ಒಂದು ಸೋಬಾನೆ ಪದ ಶುರುವಾಯಿತು, ಚೆಂದವಾಗಿ, ಮಕ್ಕಳಿಗೆ ಕೇಳಿಸುವಂತೆ. ‘ಅದಲ್ಲ, ಮೊದಲಿನದು ಹಾಡು’ ಎಂದೆ. ‘ಅದು ನಿನಗಲ್ಲ. ಹೋಗಿ ಮಲಗು’ ಎಂದಳು. ಗದರಿದ್ದಲ್ಲ, ಇದ್ದುದನ್ನು ಇದ್ದ ಹಾಗೆ ಹೇಳಿದ್ದು. ಆಗ ಬೇಜಾರಾಗಿತ್ತು. ಈಗ ನನ್ನ ವೃತ್ತಿಯ ಬಗ್ಗೆ ಯೋಚಿಸುವಾಗಲೆಲ್ಲ ಆ ಮಾತಿಗೇ ಬಂದು ನಿಲ್ಲುತ್ತೇನೆ. ಕೇಳುವವರು ಬಂದ ಕೂಡಲೇ ಹಾಡು ತನ್ನ ಕೆಲಸ ಬದಲಾಯಿಸಿಕೊಳ್ಳುತ್ತದೆ. ಅಜ್ಜಿಗೆ ಅದು ಗೊತ್ತಿತ್ತು. ಮನೆಯವರಿಗೆ ಹಾಡುವುದು, ದೇವರಿಗೆ ಹಾಡುವುದು, ಮದುಮಕ್ಕಳಿಗೆ ಹಾಡುವುದು ಎಲ್ಲ ಬಂದಿದ್ದ ಅವಳು ಯಾರಿಗೂ ಅಲ್ಲದ ಒಂದು ಹಾಡಿನ ಹೊತ್ತನ್ನು ಬೇರೆಯಾಗಿಯೇ ಇಟ್ಟುಕೊಂಡಿದ್ದಳು. ಬೀಸುವ ಪದಗಳನ್ನು ಶ್ರಮ ಹಗುರ ಮಾಡಿಕೊಳ್ಳುವ ಹಾಡುಗಳೆಂದು ಜಾನಪದದ ಪಾಠಗಳಲ್ಲಿ ಹೇಳುವುದುಂಟು. ಸರಿಯೇ, ಆದರೆ ಅರ್ಧ. ಬೀಸುವ ಶ್ರಮ ಅವಳಿಗೆ ಒಬ್ಬಳೇ ಕುಳಿತು ದನಿ ತೆಗೆಯಲು ಒಂದು ನೆಪವನ್ನೂ ಕೊಡುತ್ತಿತ್ತು. ತುಂಬಿದ ಮನೆಯಲ್ಲಿ ಸುಮ್ಮನೆ ಕುಳಿತು ತನಗೆ ತಾನೇ ಹಾಡಿಕೊಳ್ಳುವ ಹೆಂಗಸನ್ನು ಯಾರು ಸಹಿಸುತ್ತಿದ್ದರು? ಗಿರಣಿ ಬಂದಾಗ ಹೆಂಗಸರ ರಟ್ಟೆಗೆ ಬಿಡುವು ಸಿಕ್ಕಿತು, ಅದು ದೊಡ್ಡ ಉಪಕಾರ. ಅದರ ಜೊತೆಗೆ ಆ ಹೊತ್ತೂ ಹೋಯಿತು, ಅದರ ಬದಲಿಗೆ ಇನ್ನೊಂದು ಹೊತ್ತನ್ನು ಯಾರೂ ಕೊಡಲಿಲ್ಲ.

ನಮ್ಮ ಕಡೆ ಹೆಂಗಸರು ಸತ್ತವರ ಮುಂದೆ ಹಾಡಿಕೊಂಡು ಅಳುವುದನ್ನೂ ಇಲ್ಲೇ ಸೇರಿಸಬೇಕು. ಊರ ಅಗಸಿಯ ಹತ್ತಿರ ಬಸ್ಸಿಳಿದ ಕೂಡಲೇ ಶುರುವಾಗುವ ಆ ದನಿ ಮೇಲಿನ ಸ್ವರದಲ್ಲಿ ಸೀಳಿಕೊಂಡು ಹೊರಟು, ಒಂದೇ ಉಸಿರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಕೊನೆಯಲ್ಲಿ ಬಿಕ್ಕಿನೊಳಗೆ ಮುಗಿಯುತ್ತದೆ. ಮತ್ತೆ ಮೇಲಿನಿಂದ. ಸತ್ತವರ ಗುಣ ಬರುತ್ತದೆ, ಅವರು ಮಾಡಿಟ್ಟ ಸಾಲ ಬರುತ್ತದೆ, ‘ನನ್ನನ್ನು ಹೀಗೆ ನಡುನೀರಿನಲ್ಲಿ ಕೈಬಿಟ್ಟೆಯಲ್ಲ’ ಎಂಬ ಬೈಗುಳ ಬರುತ್ತದೆ. ಆಮೇಲೆ ಮುಖ ತೊಳೆದು, ಚಹಾ ಕುಡಿದು, ಹತ್ತಿಯ ರೇಟು ಎಷ್ಟಾಯಿತು ಎಂದು ಮಾತಾಡುತ್ತ ಕೂರುತ್ತಾರೆ. ಪಟ್ಟಣದವರು ಇದನ್ನು ನಾಟಕ ಎನ್ನುವುದನ್ನು ಕೇಳಿದ್ದೇನೆ. ನನಗೆ ಸಿಟ್ಟು ಬರುತ್ತದೆ. ಉದ್ದ ಉಸಿರು, ಇಳಿಯುವ ಸ್ವರ, ಆ ಕ್ಷಣಕ್ಕೆ ಹುಟ್ಟುವ ಮಾತು, ಜೊತೆಗೆ ತೋಳು ಹಿಡಿದು ಕೂರುವ ಇನ್ನೊಬ್ಬ ಹೆಂಗಸು ಇವೆಲ್ಲವನ್ನೂ ನಾನು ಪಠ್ಯಪುಸ್ತಕದಲ್ಲಿ ಚಿಕಿತ್ಸೆಯ ಅಂಗಗಳೆಂದು ಓದಿದವಳು. ಓದುವ ಮೊದಲೇ ನಮ್ಮ ಓಣಿಯಲ್ಲಿ ಕಂಡಿದ್ದೆ.

ರಿಯಾಜಿಗೆ ಹೋದರೆ ಸಾಲದೇ?

ಸಂಗೀತ ಬಲ್ಲ ಗೆಳೆಯರು ಕೇಳುವ ಪ್ರಶ್ನೆ ಇದು. ಸಂಜೆ ತಂಬೂರಿ ಹಚ್ಚಿಕೊಂಡು ಒಂದು ತಾಸು ಯಮನ್ ರಾಗ ಹಾಡಿ ರಿಯಾಜು, ಅಂದರೆ ಅಭ್ಯಾಸ, ಮಾಡಿದರೆ ಎಲ್ಲ ಸರಿಹೋಗುತ್ತದಲ್ಲ ಎನ್ನುತ್ತಾರೆ. ರಾಯಚೂರು, ಕೊಪ್ಪಳ, ಬಳ್ಳಾರಿಯ ಊರೂರುಗಳಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದ ಗವಾಯಿಗಳು ಪೇಟಿ, ತಬಲಾ ಇಟ್ಟುಕೊಂಡು ಪಾಠ ಹೇಳುತ್ತ ಬಂದಿದ್ದಾರೆ. ತಾವೇ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಸಂಗೀತವನ್ನೇ ಬದುಕಾಗಿ ಕೊಟ್ಟ ಆಶ್ರಮ ಅದು. ನನಗೆ ಸರಿಗಮ ಹೇಳಿಕೊಟ್ಟವರೂ ಅಲ್ಲಿಂದ ಬಂದವರೇ. ನಸುಕಿನ ಖರಜ ಸಾಧನೆ, ಮಂದ್ರ ಷಡ್ಜದ ಮೇಲೆ ನಿಂತು ಅಕಾರ ಹಿಡಿಯುವುದು, ಇವು ನನ್ನ ದನಿಗೆ ಬುನಾದಿ ಹಾಕಿದವು. ಆ ಋಣ ದೊಡ್ಡದು.

ಆದರೂ ಕೆಲಸದ ದಣಿವಿಗೆ ರಿಯಾಜು ನನಗೆ ಮದ್ದಾಗಲಿಲ್ಲ. ಆಲಾಪವೂ ಆಶುವೇ, ನಮ್ಮ ಸಂಗೀತದ ಜೀವವೇ ಅಲ್ಲಿದೆ. ಆದರೆ ರಾಗವೆಂದ ಮೇಲೆ ಅದಕ್ಕೊಂದು ನಡೆ ಇದೆ. ನಿಷಾದ ಎಷ್ಟು ಹೊತ್ತು ನಿಲ್ಲಬೇಕು, ಪಂಚಮವನ್ನು ಎಲ್ಲಿ ಬಿಡಬೇಕು ಎಂದು ಒಳಗಿನ ಕಿವಿ ನೋಡುತ್ತಲೇ ಇರುತ್ತದೆ. ಇಡೀ ದಿನ ಬೇರೆಯವರ ತುಟಿ, ಉಸಿರು, ಸ್ವರವನ್ನು ಕಾಯ್ದ ಕಿವಿ ಅದೇ. ಸಂಜೆಯೂ ಅದನ್ನೇ ಕಾವಲಿಗೆ ನಿಲ್ಲಿಸಿದರೆ ಅದಕ್ಕೆ ಬಿಡುವೆಲ್ಲಿ? ರಾಗದಲ್ಲೇ ವಿಶ್ರಾಂತಿ ಕಾಣುವ ಸಹೋದ್ಯೋಗಿಗಳು ನನಗೆ ಗೊತ್ತು, ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ನನ್ನ ಅನುಭವ ಮಾತ್ರ ಬೇರೆ. ರಾಗದ ಹೆಸರನ್ನೇ ಬಿಟ್ಟು, ಬಾಯಿಗೆ ಬಂದ ಸ್ವರಾಕ್ಷರದಿಂದ ಶುರು ಮಾಡಿ, ಅದು ಒಡೆದರೆ ಒಡೆಯಲಿ ಎಂದು ಬಿಟ್ಟ ದಿನವೇ ನನ್ನ ಭುಜ ಇಳಿದದ್ದು. ಸ್ವರ ಬೆಸುರವಾದರೆ ಬೆಸುರವೇ. ದನಿ ನರಳಿದರೆ ನರಳಿಕೆಯೇ. ರಿಯಾಜು ಬೆಳಗಿಗೆ ಇರಲಿ. ಸಂಜೆಗೆ ಬೇಕಾದದ್ದು ಬೇರೆ.

ಮೈಯೊಳಗೆ ಆಗುವುದು

ದನಿಪೆಟ್ಟಿಗೆಯನ್ನು ಆಡಿಸುವ ನರಗಳು ವೇಗಸ್ ಎಂಬ ದೊಡ್ಡ ನರದ ಕವಲುಗಳು. ಹೃದಯದ ಬಡಿತವನ್ನು ನಿಧಾನ ಮಾಡುವುದೂ ಅದೇ ವೇಗಸ್. ಅದರಲ್ಲೂ ಎಡಗಡೆಯ ಕವಲಿನ ದಾರಿ ವಿಚಿತ್ರ. ಅದು ನೇರ ಗಂಟಲಿಗೆ ಹೋಗದೆ ಎದೆಗಿಳಿದು, ಹೃದಯದಿಂದ ಹೊರಡುವ ಮಹಾಧಮನಿಯ ಕಮಾನನ್ನು ಬಳಸಿಕೊಂಡು, ಮತ್ತೆ ಮೇಲೇರಿ ದನಿಪೆಟ್ಟಿಗೆ ಸೇರುತ್ತದೆ. ಉಸಿರು ಎಳೆದುಕೊಂಡಾಗ ಹೃದಯದ ಬಡಿತ ತುಸು ಚುರುಕಾಗುತ್ತದೆ, ಬಿಟ್ಟಾಗ ನಿಧಾನವಾಗುತ್ತದೆ. ಹಾಡುವುದೆಂದರೆ ಚಿಕ್ಕದಾಗಿ ಎಳೆದುಕೊಂಡು ಉದ್ದಕ್ಕೆ ಬಿಡುವುದು. ಹಾಗಾಗಿ ಸಾವಧಾನದ ಹಾಡು ಹೃದಯಕ್ಕೆ ಬಿಡುವಿನ ಪಾಳಿಯನ್ನು ಹೆಚ್ಚು ಕೊಡುತ್ತದೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಬಿಯರ್ನ್ ವಿಕಾಫ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಟ್ಟಿಗೆ ಹಾಡುವವರ ಹೃದಯಬಡಿತದ ಏರಿಳಿತಗಳು ಒಂದಕ್ಕೊಂದು ಹೊಂದಿಕೊಳ್ಳುವುದು ಕಂಡುಬಂದಿತ್ತು, ಉಸಿರು ಒಟ್ಟಿಗೆ ನಡೆಯುವುದರಿಂದ. ಸ್ವೀಡನ್ನಿನವರೇ ಆದ ವೈಟ್ಸ್‌ಬರ್ಗ್ ಮತ್ತು ಲುಂಡ್‌ಬರ್ಗ್ 2002ರಲ್ಲಿ ತೋರಿಸಿದ್ದು, ಸುಮ್ಮನೆ ಉಸಿರು ಬಿಡುವುದಕ್ಕಿಂತ ಗುನುಗುತ್ತ ಬಿಟ್ಟರೆ ಮೂಗಿನಿಂದ ಬರುವ ನೈಟ್ರಿಕ್ ಆಕ್ಸೈಡ್ ಅನಿಲದ ಪ್ರಮಾಣ 15 ಪಟ್ಟು ಹೆಚ್ಚುತ್ತದೆ ಎಂದು. ಇಂಥ ಸಂಗತಿಗಳನ್ನು ಹಿಡಿದುಕೊಂಡು ‘ಗುನುಗಿದರೆ ಸರ್ವರೋಗ ಮಾಯ’ ಎಂಬ ವಿಡಿಯೊ ಮಾಡುವವರ ಮೇಲೆ ನನಗೆ ಸಿಟ್ಟಿದೆ. ಅವು ಅಷ್ಟನ್ನು ಹೇಳುವುದಿಲ್ಲ. ಗುನುಗುವಾಗ ಮೈಯಲ್ಲಿ ಏನೋ ನಿಜವಾಗಿ ನಡೆಯುತ್ತದೆ ಎಂದಷ್ಟೇ ಹೇಳುತ್ತವೆ, ನನಗೆ ಅಷ್ಟು ಸಾಕು.

ಇನ್ನೊಂದು ಲೆಕ್ಕವನ್ನೂ ಗಮನದಲ್ಲಿಡಬೇಕು. ಹೆಂಗಸರ ದನಿತಂತುಗಳು ಮಾತಾಡುವಾಗ ಒಂದು ಸೆಕೆಂಡಿಗೆ ಹೆಚ್ಚುಕಡಿಮೆ 200 ಸಲ ಒಂದಕ್ಕೊಂದು ತಾಗುತ್ತವೆ. ದಿನವಿಡೀ ದುಡಿದ ಆ ತಂತುಗಳಿಗೆ ಸಂಜೆ ಮತ್ತೆ ಏರುದನಿಯ ಕೆಲಸ ಕೊಟ್ಟರೆ ಅದು ಆರೈಕೆ ಆಗುವುದಿಲ್ಲ. ಬಳ್ಳಾರಿಯ ಬಿಸಿಲು, ಅದಿರಿನ ದೂಳು ಬೇರೆ. ಅದಕ್ಕೇ ನಾನು ಗುನುಗಿನಿಂದ ಶುರು ಮಾಡುತ್ತೇನೆ, ಇಲ್ಲವೇ ಎಳನೀರಿನ ಕೊಳವೆಯನ್ನು ತುಟಿಗಿಟ್ಟು ಅದರೊಳಗೆ ಸ್ವರ ಊದುತ್ತೇನೆ. ಹೀಗೆ ಮಾಡಿದರೆ ತಂತುಗಳ ಮೇಲಿನ ಒತ್ತಡ ಕಡಿಮೆ ಎಂದು ದನಿಯ ತಜ್ಞರು ಹೇಳುತ್ತಾರೆ. ದನಿ ಗೊಗ್ಗರಾಗಿ ಎರಡು ಮೂರು ವಾರವಾದರೂ ಸರಿಯಾಗದಿದ್ದರೆ ಹಾಡೂ ಬೇಡ, ಗುನುಗೂ ಬೇಡ, ನೇರ ಕಿವಿ-ಮೂಗು-ಗಂಟಲಿನ ವೈದ್ಯರ ಬಳಿ ಹೋಗಬೇಕು.

ಸಂಗನಕಲ್ಲಿನ ಗುಡ್ಡದಲ್ಲಿ

ಎಲ್ಲಿ ಹಾಡಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ. ನಮ್ಮ ಮನೆಗಳ ಗೋಡೆ ತೆಳು. ಹೆಂಗಸೊಬ್ಬಳು ರಾಗವಿಲ್ಲದೆ, ಮಾತಿಲ್ಲದೆ ದನಿ ತೆಗೆದರೆ ‘ಏನಾಯಿತಮ್ಮಾ?’ ಎಂದು ಎದುರುಮನೆಯವರು ಓಡಿ ಬರುತ್ತಾರೆ. ಕುಕ್ಕರಿನ ಸೀಟಿಯ ಮರೆಯಲ್ಲಿ, ಬಚ್ಚಲಲ್ಲಿ ನೀರು ಬಿಟ್ಟುಕೊಂಡು, ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಎಲ್ಲ ಹಾಡಿ ನೋಡಿದೆ. ಕೊನೆಗೆ ನಾನೂ ನನ್ನ ಜೊತೆ ಕೆಲಸ ಮಾಡುವ ವಾಕ್ ಚಿಕಿತ್ಸಕಿಯೂ ಕೂಡಿ ಚಳಿಗಾಲದ ಭಾನುವಾರಗಳಲ್ಲಿ ಸಂಗನಕಲ್ಲು–ಕಪ್ಪಗಲ್ಲು ಗುಡ್ಡಗಳ ಕಡೆ ಹೋಗತೊಡಗಿದೆವು. ಬಳ್ಳಾರಿಯವರಿಗೆ ಆ ಗುಡ್ಡಗಳ ಬಗ್ಗೆ ಹೇಳಬೇಕಿಲ್ಲ. ನವಶಿಲಾಯುಗದ ಜನ ಬದುಕಿದ ಜಾಗ, ಕರಿಗಲ್ಲಿನ ಮೇಲೆ ಗೂಳಿಗಳನ್ನು ಕೆತ್ತಿದ ಜಾಗ. ಆದರೆ ಅಲ್ಲಿನ ಕೆಲವು ಬಂಡೆಗಳನ್ನು ಬಡಿದರೆ ಗಂಟೆಯಂತೆ ನಾದ ಬರುತ್ತದೆ ಎಂಬುದು ನಮ್ಮಲ್ಲೇ ಎಷ್ಟೋ ಜನರಿಗೆ ತಿಳಿದಂತಿಲ್ಲ. ಪುರಾತತ್ವ ತಜ್ಞೆ ನಿಕೋಲ್ ಬೋವಿನ್ 2004ರಲ್ಲಿ ಆ ಬಂಡೆಗಳ ಬಗ್ಗೆ ಬರೆದರು. ಮತ್ತೆ ಮತ್ತೆ ಬಡಿದು ಬಟ್ಟಲಿನಂತೆ ತಗ್ಗಾದ ಗುರುತುಗಳು ಆ ಕಲ್ಲುಗಳ ಮೇಲಿವೆ. ಬಡಿದವರು ಯಾರಿಗಾಗಿ ಬಡಿದರೋ ಹೇಳುವಂತಿಲ್ಲ. ನಾವು ಆ ಕಲ್ಲುಗಳನ್ನು ಬಡಿಯುವುದಿಲ್ಲ, ಕಲ್ಲುಗಣಿಯ ಕಾಟವೇ ಆ ಗುಡ್ಡಗಳಿಗೆ ಸಾಕಷ್ಟಾಗಿದೆ. ಹತ್ತಿರ ಕುಳಿತು ನಮ್ಮ ದನಿ ತೆಗೆಯುತ್ತೇವೆ.

ಕ್ರಮ ಸರಳ. ನ್ಯೂಯಾರ್ಕಿನ ಡಯಾನ್ ಆಸ್ಟಿನ್ ಎಂಬ ಚಿಕಿತ್ಸಕಿ ರೂಪಿಸಿದ ಒಂದು ವಿಧಾನದಲ್ಲಿ, ಪಿಯಾನೊದ ಮೇಲೆ ಎರಡೇ ಸ್ವರಮೇಳಗಳನ್ನು (ಒಟ್ಟಿಗೆ ನುಡಿಯುವ ಸ್ವರಗಳ ಗುಂಪುಗಳನ್ನು) ಒಂದಾದ ಮೇಲೊಂದು ನುಡಿಸುತ್ತ ಹೋಗುತ್ತಾರೆ, ಆ ಆಸರೆಯ ಮೇಲೆ ಎದುರಿನವರು ತೋಚಿದಂತೆ ಹಾಡುತ್ತಾರೆ. ಗುಡ್ಡಕ್ಕೆ ಪಿಯಾನೊ ಒಯ್ಯಲಾಗದು, ನಮ್ಮ ಕಿವಿಗೆ ಸ್ವರಮೇಳವೂ ಬೇಡ. ಒಬ್ಬಳು ಷಡ್ಜವನ್ನೂ ಮಧ್ಯಮವನ್ನೂ ಸರದಿಯಂತೆ ಗುನುಗುತ್ತ ಕೂರುತ್ತಾಳೆ, ಇನ್ನೊಬ್ಬಳು ಹಾಡುತ್ತಾಳೆ. ಆಮೇಲೆ ಅದಲುಬದಲು. ಚೆನ್ನಾಗಿತ್ತು, ಚೆನ್ನಾಗಿರಲಿಲ್ಲ ಎಂಬ ಮಾತು ಆಡುವಂತಿಲ್ಲ, ರೆಕಾರ್ಡ್ ಮಾಡುವಂತಿಲ್ಲ. ಹೀಗೆ ಚಿಕಿತ್ಸಕರೇ ಸರದಿಯಲ್ಲಿ ಚಿಕಿತ್ಸೆ ಪಡೆಯುವವರ ಜಾಗದಲ್ಲಿ ಕೂರುವ ಪದ್ಧತಿ ಹೊಸದಲ್ಲ. ಮೇರಿ ಪ್ರೀಸ್ಟ್ಲಿ ಮತ್ತು ಇಬ್ಬರು ಸಹೋದ್ಯೋಗಿಗಳು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ 1970ರ ದಶಕದ ಆರಂಭದಲ್ಲೇ ಇದನ್ನು ಮಾಡಿಕೊಂಡಿದ್ದರು, ಆಮೇಲೆ ಅದು ತರಬೇತಿಯ ಭಾಗವೇ ಆಯಿತು.

ಒಂದು ಭಾನುವಾರ ನನ್ನ ಸರದಿ ಬಂದಾಗ ಬಾಯಿಗೆ ಬಂದದ್ದು ‘ಅದು’. ಆ ಜಿನ್ನಿಂಗ್ ಮಿಲ್ಲಿನ ಹಿರಿಯರ ‘ಅದು’. ಮೊದಲು ಮಂದ್ರದಲ್ಲಿ, ಅವರ ಶ್ರುತಿಯಲ್ಲೇ, ಗಂಟಲಿಗೆ ಅಂಟಿಕೊಂಡಂತೆ ಬಂತು. ಎರಡು ಮೂರು ಉಸಿರಿನ ನಂತರ ಅದು ಮೇಲೇರಿತು. ಮಧ್ಯಮ ದಾಟಿ, ಪಂಚಮ ದಾಟಿ, ತಾರ ಷಡ್ಜದ ಹತ್ತಿರ ದನಿ ಸೀಳಿತು. ಆ ಸೀಳಿನಿಂದ ಹೊರಟ ಸ್ವರ ಅಗಸಿಯ ಹತ್ತಿರ ಹಾಡಿಕೊಂಡು ಅಳುವವರ ಇಳಿಕೆಯನ್ನು ತಾನಾಗಿ ಹಿಡಿಯಿತು. ‘ಅದು, ಅದು, ಅದು’ ಎಂದು ಇಳಿಯುತ್ತ ಹೋದಂತೆ ಅದರಲ್ಲಿ ಸಿಟ್ಟಿತ್ತು. ಲಕ್ವದ ಮೇಲೆ, ಮನೆ ಮನೆ ಅಲೆಯುವ ನನ್ನ ಕೆಲಸದ ಮೇಲೆ, ಆ ಹೊತ್ತು ಅಳಲು ಬಿಡದ ಲಯದ ಮೇಲೆ ಸಿಟ್ಟು. ಕೊನೆಗೆ ನಗು ಬಂತು, ಯಾಕೆಂದರೆ ಆ ಒಂದು ಪದದಿಂದ ಅವರು ಎಷ್ಟೆಲ್ಲ ಹೇಳುತ್ತಿದ್ದರು ಎಂಬುದು ನನಗೆ ಹೊಳೆದದ್ದು ಆಗಲೇ. ಅಷ್ಟು ಹೊತ್ತೂ ನನ್ನ ಜೊತೆಗಾತಿಯ ಷಡ್ಜ ಅಲುಗಲಿಲ್ಲ. ಇಳಿದು ಬರುವಾಗ ‘ಅಕ್ಕಾ, ನಿಮ್ಮ ದನಿ ಇಷ್ಟು ಒರಟಿದೆ ಎಂದು ಗೊತ್ತೇ ಇರಲಿಲ್ಲ’ ಎಂದಳು, ಖುಷಿಯಿಂದ. ಮರುದಿನ ಆ ಮನೆಗೆ ಹೋದಾಗ ಅವರ ಶ್ರುತಿಗೆ ಇಳಿಯುವುದು ನನಗೆ ಭಾರವಾಗಲಿಲ್ಲ. ಇಳಿದ ಮೇಲೆ ನನ್ನ ಜಾಗಕ್ಕೆ ವಾಪಸು ಬರುವ ದಾರಿಯೂ ಗೊತ್ತಿತ್ತು.

ಕೇಳಿಸಿಕೊಳ್ಳುವವರ ಪಾಡು

ಇದನ್ನು ಓದಿ ಯಾವುದಾದರೂ ಸಂಸ್ಥೆಯವರು ‘ಹಾಗಾದರೆ ನಮ್ಮ ಸಿಬ್ಬಂದಿಯೂ ಹಾಡಿಕೊಳ್ಳಲಿ’ ಎಂದು ಕೈತೊಳೆದುಕೊಳ್ಳಬಾರದು. ಒಬ್ಬ ಚಿಕಿತ್ಸಕಿಗೆ ಎಷ್ಟು ಜನ ಎಂಬ ಮಿತಿ, ಸರಿಯಾದ ಸಂಬಳ, ಎರಡು ಅವಧಿಗಳ ನಡುವೆ ಬಿಡುವು, ಹೇಳಿಕೊಳ್ಳಲು ಅನುಭವಿಯಾದ ಮೇಲ್ವಿಚಾರಕರು, ಇವಕ್ಕೆ ಹಾಡು ಬದಲಿಯಲ್ಲ. ಈ ಮಾತನ್ನು ಬಳ್ಳಾರಿಯಲ್ಲಿ ಕುಳಿತು ಹೇಳಲು ನನಗೆ ಹೆಚ್ಚಿನ ಹಕ್ಕಿದೆ ಎಂದುಕೊಂಡಿದ್ದೇನೆ. ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸುವ, ಉಪಚರಿಸುವ ತರಬೇತಿ ಕೊಟ್ಟು ನೋಡಿದ್ದು ಈ ಜಿಲ್ಲೆಯಲ್ಲೇ. ‘ಬಳ್ಳಾರಿ ಮಾದರಿ’ ಎಂದೇ ಹೆಸರಾದ ಆ ಪ್ರಯೋಗದ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿತು. ಊರಿನ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯೂ ನೊಂದ ಮನಸ್ಸಿನ ಮಾತನ್ನು ಕೇಳಿಸಿಕೊಳ್ಳಬಲ್ಲಳು ಎಂದು ದೇಶಕ್ಕೆ ತೋರಿಸಿದ ಜಿಲ್ಲೆ ಇದು. ಕೇಳಿಸಿಕೊಂಡವಳು ಆಮೇಲೆ ಅದನ್ನು ಎಲ್ಲಿ ಇಳಿಸಬೇಕು ಎಂಬುದನ್ನೂ ಇಲ್ಲೇ ತೋರಿಸಿದರೆ ಒಪ್ಪುತ್ತದೆ.

ಈಚೆಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆಶಾ ಕಾರ್ಯಕರ್ತೆಯರ ಮಾಸಿಕ ಸಭೆಯ ನಂತರ ಒಂದು ಗಂಟೆ ನನಗೆ ಸಿಕ್ಕಿತ್ತು. ಎಲ್ಲರಿಗಿಂತ ಹಿರಿಯಳಾದ ಒಬ್ಬಳು ಮೊದಲೇ ಹೇಳಿದಳು, ‘ಮೇಡಂ, ನಮಗೆ ಹಾಡಲು ಬರುವುದಿಲ್ಲ.’ ಹಾಡಿಕೊಂಡು ಅಳುವ ದಾಟಿಯಿಂದಲೇ ಶುರು ಮಾಡೋಣವೇ ಎಂದೆ. ಎಲ್ಲರೂ ಒಟ್ಟಿಗೆ ಬೇಡವೆಂದರು. ಸಾವಿಲ್ಲದ ಕಡೆ ಆ ದಾಟಿ ಎತ್ತಬಾರದು, ಕೇಡು ಎಂದರು. ಆ ನಂಬಿಕೆಯನ್ನು ನಾನು ಗೌರವಿಸುತ್ತೇನೆ, ಒತ್ತಾಯಿಸಲಿಲ್ಲ. ಹಾಗಾದರೆ ಬೀಸುವ ಪದದ ದಾಟಿ? ಅದಕ್ಕೆ ಒಪ್ಪಿದರು. ಬೀಸುಕಲ್ಲು ಹಿಡಿಯದ ಕಿರಿಯರು ಷಡ್ಜದಂತೆ ಒಂದೇ ಸ್ವರವನ್ನು ಹಿಡಿದು ಕುಳಿತರು. ಬರುವುದಿಲ್ಲ ಎಂದಿದ್ದ ಆ ಹಿರಿಯಳೇ ಗೂಟ ಹಿಡಿದವಳಂತೆ ಕೈ ಸುತ್ತುತ್ತ ಎತ್ತಿಕೊಂಡಳು. ತೆರೆದುಕೊಳ್ಳದ ಆ್ಯಪ್ ಮೊದಲ ಸಾಲಿಗೆ ಬಂತು, ನಡುರಾತ್ರಿ ಹೆರಿಗೆಗೆ ಕರೆದೊಯ್ದು ಬೆಂಚಿನ ಮೇಲೆ ಬೆಳಗು ಮಾಡಿದ್ದು ಎರಡನೆಯದಕ್ಕೆ ಬಂತು, ತಡವಾದ ಗೌರವಧನ ಮೂರನೆಯದಕ್ಕೆ. ಆಮೇಲಿನ ಪದದಲ್ಲಿ ಹೋದ ವರ್ಷ ತನ್ನ ಓಣಿಯಲ್ಲಿ ಉಳಿಸಿಕೊಳ್ಳಲಾಗದ ಒಂದು ಬಾಣಂತಿಯ ಹೆಸರು ಬಂತು, ಆ ಹೆಸರಿಗೆ ಎಲ್ಲರ ದನಿಯೂ ನಡುಗಿತು, ಆದರೆ ನಿಲ್ಲಲಿಲ್ಲ. ಇನ್ನೊಬ್ಬಳು ಎತ್ತಿಕೊಂಡಳು, ಮತ್ತೊಬ್ಬಳು ಎತ್ತಿಕೊಂಡಳು. ಗಂಟೆ ಮುಗಿದು ಬಹಳ ಹೊತ್ತಾಗಿದ್ದರೂ ಸಂಜೆಯ ಬಸ್ಸಿಗೆ ಹೊರಡಬೇಕಾದವರು ಹೇಳುವವರೆಗೆ ಯಾರಿಗೂ ನೆನಪಾಗಲಿಲ್ಲ.

ಪ್ರತಿ ಸಭೆಯ ದಿನ ಅರ್ಧ ಗಂಟೆ ಒಂದು ಕೋಣೆ ಬೇಕೆಂದು ಅವರು ವೈದ್ಯಾಧಿಕಾರಿಗಳನ್ನು ಕೇಳಿದ್ದಾರೆ. ‘ಯಾವ ಕಾರ್ಯಕ್ರಮದಡಿ?’ ಎಂದು ಅವರು ವಿಚಾರಿಸಿದರಂತೆ. ‘ಕಾರ್ಯಕ್ರಮವಲ್ಲ ಸಾರ್, ನಾವು ನಾವೇ ಹಾಡಿಕೊಳ್ಳಲು’ ಎಂದು ಆ ಹಿರಿಯಳು ಹೇಳಿದಳಂತೆ. ಲಸಿಕೆಯ ಪೆಟ್ಟಿಗೆಗಳನ್ನು ಇಡುವ ಪಕ್ಕದ ಕೋಣೆ ಸಿಕ್ಕಿದೆ. ನನ್ನನ್ನು ಕರೆದಿಲ್ಲ, ಕರೆಯಬೇಕಾಗಿಯೂ ಇಲ್ಲ.